ಯಂತ್ರದ ಸಹಮತವೇ ಚಿಕಿತ್ಸೆಯ ಯಶಸ್ಸಲ್ಲ

ವೈದ್ಯರ ನಿರ್ಧಾರಕ್ಕೆ ಕಂಪ್ಯೂಟರ್ ನೆರವಾಗಬೇಕೆಂಬುದು ಹೊಸ ಆಲೋಚನೆಯೇನಲ್ಲ. ಸೋಂಕಿಗೆ ತಕ್ಕ ಆ್ಯಂಟಿಬಯಾಟಿಕ್ ಸೂಚಿಸುವ ‘ಮೈಸಿನ್’ ತಂತ್ರಾಂಶವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1970ರ ದಶಕದಲ್ಲಿಯೇ ರೂಪಿಸಿತ್ತು. ಪರೀಕ್ಷೆಯಲ್ಲಿ ತಜ್ಞರಿಗೆ ಸರಿಸಾಟಿಯಾದರೂ ಅದು ಆಸ್ಪತ್ರೆಗಳ ನಿತ್ಯದ ಬಳಕೆಗೆ ಬರಲಿಲ್ಲ. ಇಂದು ಇಂತಹ ವ್ಯವಸ್ಥೆಗಳು ರೋಗಿಯ ಹಾಸಿಗೆಯ ಬಳಿಗೇ ಬಂದಿವೆ. ಅವುಗಳ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರಿನ ನಿದರ್ಶನವೊಂದು ಪಾಠ ಹೇಳುತ್ತದೆ.

ಐಬಿಎಂ ಕಂಪನಿಯ ‘ವಾಟ್ಸನ್ ಫಾರ್ ಆಂಕಾಲಜಿ’ಗೆ ತರಬೇತಿ ನೀಡಿದವರು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ವೈದ್ಯರು. ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯ 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ವಾಟ್ಸನ್ ನೀಡಿದ ಸಲಹೆಯನ್ನು ಅಲ್ಲಿನ ತಜ್ಞರ ಮಂಡಳಿಯ ತೀರ್ಮಾನದೊಂದಿಗೆ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಶೇ 93ರಷ್ಟು ಪ್ರಕರಣಗಳಲ್ಲಿ ಉಭಯರ ಅಭಿಪ್ರಾಯ ಹೊಂದಿಕೆಯಾಗಿತ್ತು.

ಈ ಅಂಕಿ ಮೇಲ್ನೋಟಕ್ಕೆ ಆಕರ್ಷಕ. ಆದರೆ ವಾಟ್ಸನ್ ‘ಶಿಫಾರಸು’ ಮಾಡಿದ್ದನ್ನಷ್ಟೇ ಅಲ್ಲ, ‘ಪರಿಗಣಿಸಬಹುದು’ ಎಂದದ್ದನ್ನೂ ಸಹಮತವೆಂದೇ ಎಣಿಸಲಾಗಿತ್ತು. ಹೊಸ ಚಿಕಿತ್ಸಾ ಕ್ರಮಗಳು ಬಂದಿದ್ದ ಕಾರಣ ಭಿನ್ನಮತದ ಪ್ರಕರಣಗಳನ್ನು ಮಂಡಳಿ ಮರುಪರಿಶೀಲಿಸಿತು. ಈ ಕಾರಣ ಸಮಂಜಸವೇ. ಆದರೆ ಸಹಮತವಿದ್ದ ಪ್ರಕರಣಗಳನ್ನು ಹಾಗೆ ಮತ್ತೆ ನೋಡಲಿಲ್ಲ. ಹೀಗಾಗಿ ಅಂಕಿ ಏರಲು ಅವಕಾಶವಿತ್ತೇ ಹೊರತು ಇಳಿಯಲು ಇರಲಿಲ್ಲ. ಕಾಯಿಲೆಯ ಒಂದನೇ ಮತ್ತು ನಾಲ್ಕನೇ ಹಂತಗಳಲ್ಲಿ ಸಹಮತ ಕಡಿಮೆಯಿತ್ತೆಂಬುದೂ ಗಮನಾರ್ಹ. ಎಷ್ಟು ಚಿಕಿತ್ಸೆ ಸಾಕು, ಎಲ್ಲಿ ನಿಲ್ಲಿಸಬೇಕು ಎಂಬ ಕಠಿಣ ಪ್ರಶ್ನೆಗಳು ಏಳುವುದು ಅಲ್ಲಿಯೇ.

ಮೂಲ ಪ್ರಶ್ನೆ ಇನ್ನೂ ಆಳದ್ದು. ವೈದ್ಯರ ಮಾತನ್ನೇ ಯಂತ್ರವೂ ಆಡಿದರೆ ಅದರಿಂದಾದ ಲಾಭವೇನು? ಬೇರೆ ಮಾತಾಡಿದರೆ ಸರಿ ಯಾರದು? ರೋಗಿ ಎಷ್ಟು ಕಾಲ, ಹೇಗೆ ಬದುಕಿದಳೆಂಬುದನ್ನು ನೋಡದೆ ಇದಕ್ಕೆ ಉತ್ತರವಿಲ್ಲ. ಸಹಮತದ ಲೆಕ್ಕ ಅದನ್ನು ಹೇಳದು. ಐಬಿಎಂ ತನ್ನ ವಾಟ್ಸನ್ ಆರೋಗ್ಯ ವಿಭಾಗದ ಆಸ್ತಿಗಳನ್ನು 2022ರಲ್ಲಿ ಮಾರಿತು.

ಸರಿಯಾದ ಅಳತೆ ಹೇಗಿರಬೇಕೆಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ತೋರಿಸಿತು. ರಕ್ತಕ್ಕೆ ನಂಜೇರುವ ‘ಸೆಪ್ಸಿಸ್’ ಬಗ್ಗೆ ಮುನ್ನೆಚ್ಚರಿಕೆ ನೀಡುವ ಎಪಿಕ್ ಕಂಪನಿಯ ವ್ಯವಸ್ಥೆಯನ್ನು ಅದು ತನ್ನ ಆಸ್ಪತ್ರೆಯ ರೋಗಿಗಳ ದಾಖಲೆಗಳ ಮೇಲೆಯೇ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಸೆಪ್ಸಿಸ್‌ಗೆ ತುತ್ತಾದವರಲ್ಲಿ ಶೇ 67ರಷ್ಟು ಮಂದಿಯನ್ನು ಆ ವ್ಯವಸ್ಥೆ ಗುರುತಿಸಿರಲಿಲ್ಲ!

ಭಾರತದಲ್ಲಿ 2020ರ ಏಪ್ರಿಲ್‌ನಿಂದ ವೈದ್ಯಕೀಯ ತಂತ್ರಾಂಶವೂ ‘ವೈದ್ಯಕೀಯ ಸಾಧನ’ದ ವ್ಯಾಖ್ಯೆಗೆ ಸೇರಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ನೈತಿಕ ಮಾರ್ಗಸೂಚಿಯನ್ನೂ ಹೊರಡಿಸಿದೆ. ಇಷ್ಟೇ ಸಾಲದು. ಇಂತಹ ವ್ಯವಸ್ಥೆ ಕೊಳ್ಳುವ ಪ್ರತಿ ಆಸ್ಪತ್ರೆಯೂ ಅದನ್ನು ಮೊದಲು ತನ್ನ ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸಬೇಕು; ವೈದ್ಯರು ಅದರ ಸಲಹೆಯನ್ನು ಎಷ್ಟು ಬಾರಿ ತಳ್ಳಿಹಾಕಿದರು, ಅದರ ಪರಿಣಾಮವೇನಾಯಿತು ಎಂಬುದನ್ನು ಬಹಿರಂಗಪಡಿಸಬೇಕು. ಯಂತ್ರದ ತಪ್ಪಿಗೆ ಬೆಲೆ ತೆರುವವನು ರೋಗಿಯೇ ಆಗಿರುವಾಗ ಈ ಲೆಕ್ಕ ಕೇಳುವುದು ಅವನ ಹಕ್ಕು.