ಶೇರುಪೇಟೆಯ ವಿದ್ಯೆಯೂ ಅದರ ಪ್ರಯೋಗವೂ

ಶೇರುಪೇಟೆಯ ವ್ಯಾಪಾರವನ್ನು ಕಲಿಸುವ ತರಗತಿಗಳಿಗೆ ಈಗ ನಮ್ಮ ಪಟ್ಟಣಗಳಲ್ಲಿ ಬರವಿಲ್ಲ. ಮೊಬೈಲು ಕೈಯಲ್ಲಿದ್ದವನು ತರಗತಿಯವರೆಗೆ ನಡೆಯುವ ಶ್ರಮವನ್ನೂ ಪಡಬೇಕಾಗಿಲ್ಲ. ದರದ ನಕ್ಷೆಯನ್ನು ಓದುವ ಬಗೆ, ಕೊಳ್ಳುವ ಸಮಯವನ್ನು ಗುರುತಿಸುವ ಬಗೆ, ನಷ್ಟಕ್ಕೆ ಮುಂಚಿತವಾಗಿಯೇ ಮಿತಿ ಕಟ್ಟುವ ಸ್ಟಾಪ್ ಲಾಸ್ ಎಂಬ ಉಪಾಯ, ಇವನ್ನೆಲ್ಲ ಒಂದೆರಡು ತಿಂಗಳಲ್ಲಿ ಕಲಿತುಬಿಡಬಹುದು. ವಿದ್ಯೆಯು ಇಷ್ಟು ಸುಲಭವಾದ ಮೇಲೆ ಫಲವೂ ಕಾಣಬೇಕಾಗಿತ್ತು. ಕಂಡದ್ದು ಬೇರೆಯೇ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ಹಾಗೂ ಆಪ್ಷನ್ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರೆಂದೂ, ಆ ನಷ್ಟದ ಮೊತ್ತವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮಿಕ್ಕಿತೆಂದೂ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2024-25ರ ಒಂದೇ ವರ್ಷದ ನಿವ್ವಳ ನಷ್ಟವು 1,05,603 ಕೋಟಿ.

ದಲ್ಲಾಳಿ ಮತ್ತು ತೆರಿಗೆಯ ಖರ್ಚು ಇದರಲ್ಲಿ ಸಣ್ಣ ಪಾಲಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಅದೇ ಪರಿಶೀಲನೆಯಲ್ಲಿ ಇನ್ನೊಂದು ಅಂಶವಿದೆ. 2023-24ರಲ್ಲಿ ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವ ಸಂಸ್ಥೆಗಳೂ ವಿದೇಶೀ ಹೂಡಿಕೆದಾರರೂ ಗಳಿಸಿದ ಲಾಭದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಗಣಕಯಂತ್ರವು ನಿಯಮಾನುಸಾರವಾಗಿ ತಾನೇ ನಡೆಸುವ ವ್ಯಾಪಾರದಿಂದ ಬಂದದ್ದು. ಯಂತ್ರದ ವೇಗವೂ ಬಂಡವಾಳದ ಬಲವೂ ಅವರಿಗಿವೆ, ನಿಜ. ಅದಕ್ಕಿಂತ ಮಿಗಿಲಾದುದೇನೆಂದರೆ, ಮಾರೆಂದು ಬರೆದಿಟ್ಟ ದರಕ್ಕೆ ಯಂತ್ರವು ಮಾರಿಯೇ ತೀರುತ್ತದೆ. ನಿನ್ನೆಯ ನಷ್ಟವು ಅದರ ನಿದ್ದೆಯನ್ನು ಕೆಡಿಸಿರುವುದಿಲ್ಲ.

ಮನುಷ್ಯನ ಗತಿಯು ಹಾಗಲ್ಲ. 200 ರೂಪಾಯಿಗೆ ಕೊಂಡದ್ದನ್ನು 150ಕ್ಕೆ ಇಳಿದ ಕೂಡಲೆ ಬಿಟ್ಟುಬಿಡಬೇಕೆಂದು ಬೆಳಗ್ಗೆ ಸಂಕಲ್ಪ ಮಾಡಿದವನೇ, ದರವು 155ಕ್ಕೆ ಬಂದಾಗ ಮಿತಿಯನ್ನು 130ಕ್ಕೆ ಸರಿಸುವನು. 130ಕ್ಕೆ ಬಂದಾಗ ಸರಾಸರಿಯ ನೆಪದಿಂದ ಮತ್ತಷ್ಟು ಕೊಳ್ಳುವನು. ಲಾಭವಾದರೋ, ಹತ್ತು ರೂಪಾಯಿ ಕಂಡೊಡನೆ ಕೈ ತೊಳೆದುಕೊಳ್ಳುವನು. ಅಮೆರಿಕದ ಟೆರೆನ್ಸ್ ಓಡೀನ್ ಎಂಬ ಪಂಡಿತರು ಒಂದು ದಲ್ಲಾಳಿ ಸಂಸ್ಥೆಯ 10,000 ಖಾತೆಗಳನ್ನು ಶೋಧಿಸಿ 1998ರಲ್ಲಿ ಇದನ್ನೇ ಹೇಳಿದರು: ಜನರು ಏರಿದ ಶೇರುಗಳನ್ನು ಬೇಗ ಮಾರುತ್ತಾರೆ, ಇಳಿದವುಗಳನ್ನು ಅಪ್ಪಿಕೊಂಡಿರುತ್ತಾರೆ. ಅಭಿಮನ್ಯುವಿಗೆ ಚಕ್ರವ್ಯೂಹದಿಂದ ಹೊರಬರುವ ದಾರಿಯೇ ತಿಳಿದಿರಲಿಲ್ಲ. ನಮ್ಮ ತರುಣರಿಗೆ ಅದು ತಿಳಿದಿದೆ, ಹಣ ಕೊಟ್ಟು ಕಲಿತಿದ್ದಾರೆ, ಆದರೂ ಹೊರಬರಲೊಲ್ಲರು.

ಷಿಕಾಗೋ ನಗರದ ರಿಚರ್ಡ್ ಡೆನ್ನಿಸ್ ಎಂಬ ವರ್ತಕರು ಈ ವ್ಯಾಪಾರವನ್ನು ಯಾರಿಗಾದರೂ ಕಲಿಸಬಹುದೆಂದು ವಾದಿಸುತ್ತಿದ್ದರು. ಅವರ ಸಹಭಾಗಿಗಳಾದ ವಿಲಿಯಂ ಎಕ್ಹಾರ್ಟರು ಒಪ್ಪಲಿಲ್ಲ. 1983ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಹದಿಮೂರರಷ್ಟು ಮಂದಿಯನ್ನು ಆರಿಸಿ, ಎರಡು ವಾರ ಪಾಠ ಹೇಳಿ, ತಮ್ಮ ಹಣವನ್ನೇ ಅವರ ಕೈಗೆ ಕೊಟ್ಟರು. ಹಲವರು ಬಹಳ ಗಳಿಸಿದ್ದರಿಂದ ಡೆನ್ನಿಸರು ಗೆದ್ದರೆಂದೇ ಲೋಕವು ಎಣಿಸಿತು. ಆದರೆ ಪಾಠವೊಂದೇ ಆದರೂ ಫಲವು ಒಂದಾಗಲಿಲ್ಲ. ಕೆಲವರನ್ನು ನಡುವೆಯೇ ಬಿಡಬೇಕಾಯಿತು. ತಮ್ಮ ನಿಯಮಗಳನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿದರೂ ಯಾರೂ ಅನುಸರಿಸಲಾರರೆಂಬ ಅರ್ಥದ ಮಾತನ್ನು ಡೆನ್ನಿಸರೇ ಆಡಿರುವರು. ಪತ್ರಿಕೆ ನಡೆಸುವ ನಮಗೆ ಅದು ಹಿತವಾದ ಮಾತಲ್ಲ. ಆದರೂ ಸುಳ್ಳೆನ್ನಲು ಬಾಯಿ ಬಾರದು. 2023ರ ಜುಲೈ 1ರಿಂದ, ಹತ್ತರಲ್ಲಿ ಒಂಬತ್ತು ಮಂದಿ ನಷ್ಟಪಡುವರೆಂಬ ಎಚ್ಚರಿಕೆಯನ್ನು ಗಿರಾಕಿಯು ಖಾತೆ ತೆರೆದಾಗಲೆಲ್ಲ ಕಣ್ಣಿಗೆ ಬೀಳುವಂತೆ ದಲ್ಲಾಳಿಗಳು ತೋರಿಸತಕ್ಕದ್ದೆಂದು ಸೆಬಿಯು ವಿಧಿಸಿತು. ಓದಿದವನು ತಾನೇ ಆ ಹತ್ತನೆಯವನೆಂದು ನಂಬಿ ಮುಂದಕ್ಕೆ ಒತ್ತುವನು.

ಪಾಠದವರು ಹಳೆಯ ದರಗಳ ಮೇಲೆ ಅಭ್ಯಾಸ ಮಾಡಿಸುವರು. ಆ ಅಭ್ಯಾಸವು ಕಣ್ಣಿಗೆ, ಕೈಗಲ್ಲ. ಸತ್ತ ದರದ ಮುಂದೆ ಯಾರ ಕೈಯೂ ನಡುಗದು. ನಮ್ಮ ದಲಾಲಿ ಮಂಡಿಗಳಲ್ಲಿ ಮಗನು ತಂದೆಯ ಗಾದಿಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು, ಖಿರ್ದಿ ಬರೆದು, ಮಾಲು ಕಂಡು, ಮೊದಲು ಒಂದೆರಡು ಚೀಲಗಳ ಮಟ್ಟಿಗೆ ಮಾತ್ರ ಸವಾಲು ಕೂಗುವ ಅಪ್ಪಣೆ ಪಡೆಯುತ್ತಿದ್ದನು. ತಪ್ಪಿದರೆ ಸಂಜೆಗೇ ತಂದೆಯ ಎದುರು ಲೆಕ್ಕ ಒಪ್ಪಿಸಬೇಕಾಗಿತ್ತು. ಮೊಬೈಲಿನ ವ್ಯಾಪಾರಿಗೆ ಲೆಕ್ಕ ಕೇಳುವವರಿಲ್ಲ. ಮನೆಯಾಕೆಗೂ ತಿಳಿಯದಂತೆ ನಡೆಯುವ ವ್ಯಾಪಾರವೇ ಹೆಚ್ಚು.

ಕಚೇರಿಯ ಮೇಜಿನ ಕೆಳಗೆ ದರ ನೋಡುವ ಸರಕಾರಿ ನೌಕರರಿಗೂ ಒಂದು ಮಾತು. ಕೇಂದ್ರ ಸರಕಾರದ 1964ರ ನಡತೆ ನಿಯಮಗಳು ಸಟ್ಟಾ ವ್ಯಾಪಾರವನ್ನು ನಿಷೇಧಿಸಿ, ಪದೇಪದೇ ಕೊಂಡು ಮಾರುವುದನ್ನೂ ಸಟ್ಟೆಯೆಂದೇ ಎಣಿಸಿವೆ. ನಿಯಮದ ಭಯವು ಹಾಗಿರಲಿ, ಕದ್ದು ನೋಡುವ ಅರೆಮನಸ್ಸಿನಿಂದ ಯಾವ ಸಂಕಲ್ಪವನ್ನು ಪಾಲಿಸಲಾದೀತು?

ಈ ವ್ಯಾಪಾರವನ್ನು ಮಾಡಿಯೇ ತೀರುವೆನೆಂಬವನು ಅತ್ಯಂತ ಕಡಿಮೆ ಮೊತ್ತದಿಂದ ತೊಡಗಲಿ. ಕೊಳ್ಳುವ ಆಜ್ಞೆಯೊಡನೆಯೇ ಮಿತಿಯ ಆಜ್ಞೆಯನ್ನೂ ಕೊಟ್ಟುಬಿಡಲಿ. ಮಿತಿಯನ್ನು ಸರಿಸಿದ ಪ್ರತಿಯೊಂದು ಸಲವನ್ನೂ ವಹಿಯಲ್ಲಿ ಬರೆದು, ಮನೆಯ ಹಿರಿಯರೊಬ್ಬರಿಗೆ ತಿಂಗಳಿಗೊಮ್ಮೆ ತೋರಿಸಲಿ. ತರಗತಿ ನಡೆಸುವವರು ಗುರುವಿನ ಒಂದು ದಿನದ ಗಳಿಕೆಯ ಚಿತ್ರವನ್ನು ಗೋಡೆಗೆ ಅಂಟಿಸುವುದನ್ನು ನಿಲ್ಲಿಸಿ, ತಮ್ಮಲ್ಲಿ ಕಲಿತುಹೋದ ಶಿಷ್ಯರ ಖಾತೆಗಳು ಒಂದು ವರ್ಷದ ಮೇಲೆ ಯಾವ ಸ್ಥಿತಿಯಲ್ಲಿವೆಯೆಂಬ ಲೆಕ್ಕವನ್ನು ಪ್ರಕಟಿಸಲಿ. ಮಗನ ಫೀಯನ್ನು ಕಟ್ಟಲು ಹೋಗುವ ತಂದೆಯು ಹಣವನ್ನು ಎಣಿಸುವುದಕ್ಕೆ ಮುಂಚೆ ಆ ಲೆಕ್ಕವನ್ನು ಕೇಳತಕ್ಕದ್ದು.