ಅಜ್ಜನ ಫೈಲು ಡಿಲೀಟ್ ಮಾಡಬೇಡಿ

ಮಕ್ಕಳೇ, ನಿಮ್ಮ ಮನೆಯ ಹಳೇ ಸಿ.ಡಿ., ಪೆನ್ ಡ್ರೈವ್‌ಗಳಲ್ಲಿ ಎಲ್ಲೋ ಒಂದು ಕನ್ನಡ ಫೈಲು ಇರಬಹುದು. ಅಜ್ಜ ಬರೆದ ವಂಶಾವಳಿ, ಅಮ್ಮ ಯುಗಾದಿ ಕಾರ್ಯಕ್ರಮಕ್ಕೆ ಬರೆದ ನಾಟಕ, ಅಥವಾ ಇಪ್ಪತ್ತು ವರ್ಷದ ಹಿಂದಿನ ಇಂಥದೇ ಒಂದು ಶಾಲಾ ಪತ್ರಿಕೆ. ಅದನ್ನು ಇವತ್ತಿನ ಮ್ಯಾಕ್‌ನಲ್ಲಿ ತೆರೆದು ನೋಡಿ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ 'ಪಿ', ತಲೆ ಮೇಲೆ ಗೀಟು ಹೊತ್ತ 'ಎ', ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ 'ಎ', ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ 'ಕ್ಯೂ', ಕೊನೆಗೆ ಇನ್ನೊಂದು 'ಎ'! "ಫೈಲ್ ಕೆಟ್ಟುಹೋಗಿದೆ, ತೆಗೆದುಹಾಕು" ಅಂತ ದೊಡ್ಡವರು ಹೇಳಿಬಿಡ್ತಾರೆ. ಅದು ಕೆಟ್ಟಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಎರಡೂ ವಿಂಡೋಸ್‌ಗೆ ಮಾಡಿದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಮನೆಮನೆಯ ಕಂಪ್ಯೂಟರಿಗೆ ಅದು ಇನ್ನೂ ಬಂದಿರಲಿಲ್ಲ. ಹಾಗಾಗಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಖಾನೆಯಲ್ಲಿ ಕೂರಿಸಿದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು.

ಇದಕ್ಕೆ ಪರಿಹಾರ ನಮ್ಮ ಪಕ್ಕದ ಬೀದಿಯಲ್ಲೇ ಹುಟ್ಟಿದ್ದು ಅಂದರೆ ನಂಬ್ತೀರಾ? 1997ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೆಂಡೆಲ್ ರೋಸನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು 'ಡಿಸ್ಕೊ' ಎಂಬ ಸಂಶೋಧನೆ ಪ್ರಕಟಿಸಿದರು. ಮರುವರ್ಷ ಡಯಾನ್ ಗ್ರೀನ್ ಮತ್ತಿತರರ ಜೊತೆ ಸೇರಿ ವಿಎಂವೇರ್ ಕಂಪನಿ ಕಟ್ಟಿದರು. ದೊಡ್ಡ ಐಬಿಎಂ ಯಂತ್ರಗಳಲ್ಲಿ ಮೊದಲೇ ಇದ್ದ ಉಪಾಯವನ್ನು ಅವರು ಮನೆಯ ಕಂಪ್ಯೂಟರಿಗೆ ತಂದರು: ಒಂದು ಆಪರೇಟಿಂಗ್ ಸಿಸ್ಟಂ ಒಳಗೆ ಇನ್ನೊಂದನ್ನು ಓಡಿಸುವುದು.

ಬೆಂಗಳೂರಿನ ವಠಾರ ಹೇಗಿರುತ್ತೆ ಅಂತ ಅಪ್ಪನನ್ನು ಕೇಳಿ. ಒಂದೇ ಕಾಂಪೌಂಡು, ಒಳಗೆ ನಾಲ್ಕು ಸಂಸಾರ, ಪ್ರತಿಯೊಬ್ಬರಿಗೂ ಬೇರೆ ಅಡುಗೆಮನೆ. ನೀರು, ಕರೆಂಟು ಯಾರಿಗೆ ಎಷ್ಟು ಅನ್ನೋದು ಮಾಲೀಕರ ಲೆಕ್ಕ. ವರ್ಚುವಲ್ ಮಷೀನ್ ಅಂದರೆ ಇಂಥ ಒಂದು ಬಾಡಿಗೆ ಮನೆ. ಒಳಗಿರೋ ಹಳೇ ವಿಂಡೋಸ್ "ಇಡೀ ಕಂಪ್ಯೂಟರ್ ನನ್ನದೇ" ಅಂದುಕೊಂಡಿರುತ್ತೆ. ಮೆಮೊರಿ, ಡಿಸ್ಕು ಎಷ್ಟು ಕೊಡಬೇಕು ಅಂತ ಹೊರಗಿನ ತಂತ್ರಾಂಶ ತೀರ್ಮಾನಿಸುತ್ತೆ. ಅಲ್ಲಿ ಬರಹ ಹಾಕಿ, ಫೈಲು ತೆರೆಯಿರಿ. ಅಜ್ಜ ಬರೆದದ್ದು ಹಾಗೇ ಎದುರಿಗೆ ಬರುತ್ತೆ.

ನನ್ನ ವಾದ ಏನೆಂದರೆ, ಅಷ್ಟಕ್ಕೇ ನಿಲ್ಲಿಸಬಾರದು. "ಒಂದು ಪಿಡಿಎಫ್ ಮಾಡಿಟ್ಟರೆ ಸಾಕಲ್ಲ?" ಅಂತ ಕೆಲವು ಪಾಲಕರು ಕೇಳ್ತಾರೆ. ನೋಡೋಕೆ ಸಾಕು. ಆದರೆ ಆ ಪಿಡಿಎಫ್‌ನಲ್ಲಿ ಮುತ್ತಜ್ಜಿಯ ಹೆಸರು ಹುಡುಕಿದರೆ ಸಿಗೋದಿಲ್ಲ, ಯಾಕಂದರೆ ಒಳಗಿರೋದು ಇನ್ನೂ ಆ ಪೌಂಡೇ. ಫಾಂಟ್ ಒಂದನ್ನೇ ಮ್ಯಾಕ್‌ಗೆ ಹಾಕಿದರೂ ಅದೇ ಕಥೆ. ಬರಹ, ನುಡಿಗಳ ಜೊತೆ ಬರುವ ಪರಿವರ್ತಕದಿಂದ ಪಠ್ಯವನ್ನು ಯೂನಿಕೋಡ್‌ಗೆ ತಂದು, ಬಾಡಿಗೆ ಮನೆಯಿಂದ ಹೊರಗೆ ಕರೆದುಕೊಂಡು ಬರಬೇಕು.

ಇಲ್ಲಿ ನಿಮ್ಮ ಕೆಲಸ ಶುರು. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತೆ. 'ಸೂರ್ಯ'ನನ್ನು ಪರಿವರ್ತಕ ತಿರುಗಿಸಿ ಕೂರಿಸಬೇಕು. ಯಾರಾದರೂ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಟೈಪ್ ಮಾಡಿದ್ದರೆ (ನೋಡೋಕೆ ಎರಡೂ ಒಂದೇ ಥರ!) ಯಂತ್ರಕ್ಕೆ ಗೊತ್ತಾಗೋದಿಲ್ಲ. ಕಣ್ಣಿಟ್ಟು ಓದಿ ತಿದ್ದಬೇಕು. ಒತ್ತಕ್ಷರ ಕಲಿತ ಮೂರನೇ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೇ ಹೋಮ್‌ವರ್ಕ್ ಇಲ್ಲ. ಪ್ರತಿ ವರ್ಷ ದೀಪಾವಳಿ ಪ್ರಬಂಧವನ್ನೇ ಯಾಕೆ ಬರೆಸಬೇಕು? ಈ ಸಲ ಪ್ರತಿಯೊಬ್ಬರೂ ಮನೆಯ ಒಂದು ಹಳೇ ಪುಟ ತಂದು ತಿದ್ದಲಿ ಅಂತ ನಮ್ಮ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಅರ್ಥವಾಗದ ಪದ ಬಂದರೆ ಊರಿಗೆ ಫೋನ್ ಮಾಡಿ ಕೇಳಬಹುದು. ಹಾಗೆ ಕೇಳಿದರೆ ಉತ್ತರ ಹೇಳುವವರು ಈಗ ಇದ್ದಾರೆ. ಆದ್ದರಿಂದಲೇ ನನಗೆ ಅವಸರ.

ಪಾಲಕರಿಗೆ ಎರಡು ಮಾತು. 2020ರ ಕೊನೆಯಿಂದ ಬಂದ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಇಲ್ಲ. ಅವುಗಳಲ್ಲಿ ವಿಂಡೋಸ್ ಎಕ್ಸ್‌ಪಿ ಓಡಿಸಬೇಕಾದರೆ ಯುಟಿಎಂನಂಥ ತಂತ್ರಾಂಶ ಪ್ರತಿ ಆದೇಶವನ್ನೂ ಅನುವಾದ ಮಾಡಬೇಕು, ತುಂಬಾ ನಿಧಾನ. ಹಳೇ ಇಂಟೆಲ್ ಲ್ಯಾಪ್‌ಟಾಪ್ ಗ್ಯಾರೇಜಿನಲ್ಲಿದ್ದರೆ ಮಾರಬೇಡಿ, ಅದಕ್ಕೆ ವರ್ಚುವಲ್‌ಬಾಕ್ಸ್ ಹಾಕಿ, ಪುಕ್ಕಟೆ ಸಿಗುತ್ತೆ. ಎಕ್ಸ್‌ಪಿಗೆ 2014ರಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ, ಆದ್ದರಿಂದ ಆ ಮಷೀನಿಗೆ ಇಂಟರ್‌ನೆಟ್ ಕೊಡಬೇಡಿ.

ಸಿ.ಡಿ. ಎಷ್ಟು ವರ್ಷ ಬಾಳುತ್ತೆ ಅನ್ನೋ ಭರವಸೆ ಇಲ್ಲ. ಉಳಿದದ್ದೆಲ್ಲ ಆಮೇಲೆ ಮಾಡೋಣ. ಯಾರ ಮನೆಯಿಂದಲಾದರೂ ಒಂದು ಯುಎಸ್‌ಬಿ ಸಿ.ಡಿ. ಡ್ರೈವ್ ತಂದು ಈ ಶನಿವಾರವೇ ಕಾಪಿ ಮಾಡಿಕೊಳ್ಳಿ.