ಕೃಪೆ: ಅಂತರ್ಜಾಲ

ನಮ್ಮೂರ ಅಂಗಡಿಯವನು ಸಾಲ ಕೊಡೋ ಮುಂಚೆ ಕೇಳ್ತಿದ್ದದ್ದು ಒಂದೇ: 'ಯಾರ ಕಡೆಯವ್ನಪ್ಪ?' ಮೇಷ್ಟ್ರು ಹೂಂ ಅಂದ್ರೆ ಸಾಕು, ಸಾಲ ಹುಟ್ಟೋದು. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಬರೆದಿಟ್ಟ ಗೂಗಲ್ ಲೆಕ್ಕವೂ ಹೆಚ್ಚುಕಮ್ಮಿ ಇದೇ. ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟವರು ಯಾರು, ಅವರಿಗೆ ಎಷ್ಟು ಜನ ಲಿಂಕ್ ಕೊಟ್ಟಿದ್ದಾರೆ? ದೊಡ್ಡವರದ್ದು ಒಂದಿದ್ದರೆ ಪುಡಿ ಲಿಂಕು ನೂರು ಬೇಡ.

ಎರಡು ಭಾನುವಾರ ಅಲೆದು ನಮ್ಮೂರ ವೀರಗಲ್ಲಿನ ಬಗ್ಗೆ ಬರೆದಿದ್ದೆ. ಕನ್ನಡದ್ದೇ ಒಂದು ದೊಡ್ಡ ಸೈಟು ಅದನ್ನ ಫೋಟೋ ಸಮೇತ ಎತ್ಕೊಂಡು, ಅಡಿಯಲ್ಲಿ 'ಕೃಪೆ: ಅಂತರ್ಜಾಲ' ಅಂತ ಹಾಕಿತು. ಅಂತರ್ಜಾಲ ಯಾರ ಮನೆ ಹುಡುಗ ಸ್ವಾಮಿ? ಲಿಂಕಿಲ್ಲದ ಕೃಪೆ ಗೂಗಲ್ ಲೆಕ್ಕಕ್ಕೆ ಬರಲ್ಲ. ಈಗ ಹುಡುಕಿದರೆ ನಕಲು ಮೊದಲು, ನನ್ನದು ಮೂರನೇ ಪುಟದಲ್ಲಿ. ಸನ್ಮಾನ, ಹಾರ ಏನೂ ಬೇಡ, ಲಿಂಕ್ ಹಾಕ್ರಪ್ಪ.